ಈರವ್ವನ ಹೆಸರಿನ ಮುಂದೆ ನಾನು ಬರೆದ ಸುಳ್ಳು

ಹನುಮವ್ವ ನನಗೆ ಹೇಳಿದ್ದಳು. ಈರವ್ವನ ಹೊಟ್ಟೆಯಲ್ಲಿ ಕೂಸು ಅಡ್ಡ ಮಲಗಿದೆ, ಒಮ್ಮೆ ಬಂದು ನೋಡಿ ಎಂದು ಎಲ್ಲ ಬಿಡಿಸಿ ಹೇಳಿದ್ದಳು. ನಾನು ಹೋಗಲಿಲ್ಲ. ಈರವ್ವ ಸತ್ತಳು, ಕೂಸೂ ಉಳಿಯಲಿಲ್ಲ. ಆಮೇಲೆ ಊರ ಹಿರಿಯರ ಮುಂದೆ, ಡಾಕ್ಟರರ ಮುಂದೆ, ಹನುಮವ್ವನ ಮುಂದೆಯೇ ಕುಳಿತು, ನನಗೆ ಯಾರೂ ಏನೂ ಹೇಳಿಲ್ಲ ಎಂದುಬಿಟ್ಟೆ.

ವಿಷಯ ಇಷ್ಟೇ. ಇಷ್ಟನ್ನು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ಈಗ ಬರೆಯುತ್ತಿದ್ದೇನೆ, ಆದರೂ ಮೊದಲ ನಾಲ್ಕು ಸಾಲು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ಸುಳ್ಳು ಹೇಳುವಾಗ ಇಷ್ಟು ಕಷ್ಟವಾಗಿರಲಿಲ್ಲ.

ನಾನು ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ಹಳ್ಳಿಯ ಜನ ನರ್ಸಕ್ಕ ಎನ್ನುತ್ತಿದ್ದರು, ಎದುರಿಗೆ ಅಕ್ಕಾರ ಎಂದು ಕರೆಯುತ್ತಿದ್ದರು. ಕೊಪ್ಪಳ ಬೇರೆ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು, ನನಗೆ ಮೂವತ್ತೆಂಟರ ವಯಸ್ಸು. ಯಲಬುರ್ಗಾದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ಊರಿನ ಉಪಕೇಂದ್ರ ನನ್ನದು. ಅದರ ಜೊತೆಗೆ ಸುತ್ತಲಿನ ಮೂರು ಹಳ್ಳಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನಕ್ಕೆ ಓದಿದರೆ ತಿಳಿಯುತ್ತದೆ, ಉಳಿದವರಿಗೆ ಬೇಕಿಲ್ಲ.

ಉಪಕೇಂದ್ರದ ಹಿಂದೆಯೇ ನನಗೊಂದು ಮನೆ ಕೊಟ್ಟಿದ್ದರು. ನಾನು ಅಲ್ಲಿ ಇರಲಿಲ್ಲ. ಮಗಳ ಶಾಲೆಯ ನೆಪ ಮಾಡಿಕೊಂಡು ಯಲಬುರ್ಗಾದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ನಿಯಮದ ಪ್ರಕಾರ ಪ್ರತಿ ಬಸುರಿಯ ಮನೆಗೆ ತಿಂಗಳಿಗೊಮ್ಮೆ ಹೋಗಬೇಕು, ಹೊಟ್ಟೆ ಮುಟ್ಟಿ ನೋಡಬೇಕು, ಕೂಸಿನ ತಲೆ ಎಲ್ಲಿದೆ, ಎದೆ ಬಡಿತ ಹೇಗಿದೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ಮೊದಲ ವರ್ಷ ಮಾಡಿದೆ. ಆಮೇಲೆ... ಒಂದು ತಿಂಗಳು ತಪ್ಪಿತು, ಯಾರೂ ಕೇಳಲಿಲ್ಲ. ಇನ್ನೊಂದು ತಿಂಗಳು ತಪ್ಪಿತು, ಆಗಲೂ ಯಾರೂ ಕೇಳಲಿಲ್ಲ. ತಿಂಗಳ ಕೊನೆಗೆ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತು ಎಲ್ಲರ ಹೆಸರಿನ ಮುಂದೆ ಒಂದೇ ಸಾಲು ಬರೆಯುವುದನ್ನು ಕಲಿತೆ: ತಲೆ ಕೆಳಗಿದೆ, ಸ್ಥಿತಿ ಸಹಜ. ಹೆಚ್ಚಿನವರಿಗೆ ಅದು ನಿಜವೂ ಆಗಿರುತ್ತಿತ್ತು. ನನ್ನ ಧೈರ್ಯಕ್ಕೆ ಅಷ್ಟು ಸಾಕಾಗಿತ್ತು.

ಆ ಊರಿನಲ್ಲಿ ಹೆರಿಗೆ ಎಂದರೆ ಹನುಮವ್ವ. ಆಗ ಆಕೆಗೆ ಐವತ್ತರ ಆಚೀಚೆ. ಒಣಗಿದ ಮೈ, ದೊಡ್ಡ ಅಂಗೈ. ಗಂಡ ತೀರಿಕೊಂಡಿದ್ದ, ನಾಗವ್ವ ಎಂಬ ಒಬ್ಬಳೇ ಮಗಳು. ಹಗಲು ಕೂಲಿ, ಕರೆ ಬಂದರೆ ಕೂಲಿ ಬಿಟ್ಟು ಹೆರಿಗೆಯ ಮನೆಗೆ. ಸರ್ಕಾರದವರು ಆಕೆಗೆ ತರಬೇತಿ ಕೊಟ್ಟು ಒಂದು ತಗಡಿನ ಪೆಟ್ಟಿಗೆಯನ್ನೂ ಕೊಟ್ಟಿದ್ದರು, ಕತ್ತರಿ, ದಾರ, ಸೋಪು, ಪ್ಲಾಸ್ಟಿಕ್ ಹಾಳೆ ಇದ್ದದ್ದು. ನಾನು ಆ ಊರಿಗೆ ಹೊಸದಾಗಿ ಬಂದಾಗ ಹೊಟ್ಟೆ ಮುಟ್ಟಿ ಕೂಸಿನ ಬೆನ್ನು ಯಾವ ಕಡೆ ಎಂದು ಹೇಳಲು ತಡಕಾಡುತ್ತಿದ್ದೆ. ಆಕೆ ನನ್ನ ಕೈ ಹಿಡಿದು, ತನ್ನ ಕೈಯ ಕೆಳಗೆ ಇಟ್ಟುಕೊಂಡು, ಒತ್ತಬೇಡಿ, ಕೂಸೇ ನಿಮ್ಮ ಕೈಗೆ ಬರುತ್ತದೆ ಎಂದು ತೋರಿಸಿದ್ದಳು. ನನಗೆ ಪಾಠ ಹೇಳಿದವರು ಬಹಳ ಜನ. ಈ ವಿದ್ಯೆ ಬಂದದ್ದು ಆಕೆಯಿಂದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಕ್ಷರ ಬಾರದ ಹೆಂಗಸಿನಿಂದ ಕಲಿತೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು.

ಇನ್ನು ಈರವ್ವ. ಉಪಕೇಂದ್ರದಿಂದ ನಾಲ್ಕನೆಯ ಮನೆ ಅವಳದು. ನಮ್ಮಲ್ಲಿ ನಳ ಇರಲಿಲ್ಲ. ನಾನು ಬಸ್ಸಿಳಿದದ್ದನ್ನು ನೋಡಿದರೆ ಅವಳೇ ಒಂದು ಕೊಡ ನೀರು ತಂದಿಟ್ಟು ಹೋಗುತ್ತಿದ್ದಳು. ಯಾರೂ ಹೇಳಿದ್ದಲ್ಲ. ಸೆರಗು ಹಿಡಿದುಕೊಂಡು ಐದು ವರ್ಷದ ಮಗಳು ಸುಮಂಗಲಾ ಹಿಂದೆ ಬರುತ್ತಿದ್ದಳು. ಅವಳ ಕೆಳಗೆ ಇನ್ನೊಂದು ಗಂಡು ಕೂಸು. ಇದು ಮೂರನೆಯ ಬಸಿರು. ಗಂಡ ದೇವಪ್ಪ ಗಂಗಾವತಿ ಕಡೆ ಭತ್ತದ ನಾಟಿಗೆ ಹೋದವನು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದ. ಮನೆಯಲ್ಲಿ ಅತ್ತೆ ಬಸಮ್ಮನದೇ ಮಾತು.

ಏಳನೆಯ ತಿಂಗಳಿನಲ್ಲಿ ನಾನು ಈರವ್ವನನ್ನು ಮುಟ್ಟಿ ನೋಡಲಿಲ್ಲ, ಎಂಟನೆಯ ತಿಂಗಳಿನಲ್ಲೂ ನೋಡಲಿಲ್ಲ. ರಿಜಿಸ್ಟರಿನಲ್ಲಿ ಎರಡೂ ಸಲ ಬರೆದಿದ್ದೆ — ತಲೆ ಕೆಳಗಿದೆ, ಸ್ಥಿತಿ ಸಹಜ. ನಾಲ್ಕು ಮನೆ ಆಚೆಗೆ. ನೀರು ತಂದಿಟ್ಟು ಎದುರಿಗೆ ನಿಂತವಳನ್ನು ಒಳಗೆ ಕರೆದು ಹತ್ತು ನಿಮಿಷ ಮಲಗಿಸಿದ್ದರೆ ಸಾಕಿತ್ತು.

ಅದು ಗುರುವಾರ, ಮಕ್ಕಳಿಗೆ ಲಸಿಕೆ ಹಾಕುವ ದಿನ. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಹನುಮವ್ವ ಹೊಲದಿಂದ ಹಾಗೆಯೇ ಬಂದಳು, ಕೈಯಲ್ಲಿ ಕುಡುಗೋಲು.

"ಅಕ್ಕಾರ, ನಿನ್ನೆ ಈರವ್ವನ ಹೊಟ್ಟಿ ನೋಡೀನ್ರಿ. ಕೂಸು ಅಡ್ಡ ಮಲಗೈತಿ. ಇನ್ನ ಹದಿನೈದಿಪ್ಪತ್ತು ದಿನ ಐತಿ. ನೀವೊಮ್ಮೆ ಕೈ ಹಚ್ಚಿ ನೋಡಿ ಕೊಪ್ಪಳಕ್ಕ ಚೀಟಿ ಬರದು ಕೊಡ್ರಿ. ಇದು ನನ್ನ ಕೈಲಿ ಆಗೂದಲ್ಲ."

ಬಸ್ಸು ತಿರುವಿನಲ್ಲಿ ಕಾಣಿಸಿತ್ತು. ಅದನ್ನು ಬಿಟ್ಟರೆ ಮುಂದಿನದು ಸಂಜೆಗೆ. ಆದರೆ ಬಸ್ಸೇ ಕಾರಣ ಎಂದರೆ ಇಲ್ಲಿಯೂ ಸುಳ್ಳು ಬರೆದಂತಾಗುತ್ತದೆ. ಆ ಕ್ಷಣ ನನ್ನ ಮನಸ್ಸಿಗೆ ಮೊದಲು ಬಂದದ್ದು ರಿಜಿಸ್ಟರು. ಕಳೆದ ತಿಂಗಳಷ್ಟೇ ತಲೆ ಕೆಳಗಿದೆ ಎಂದು ಬರೆದಿದ್ದೇನೆ. ಈಗ ಅಡ್ಡ ಇದೆ ಎಂದು ಚೀಟಿ ಬರೆದರೆ, ಆಗ ನೋಡಿದ್ದು ಏನು ಎಂದು ಮೇಲಿನವರು ಕೇಳುತ್ತಾರೆ. ಜೊತೆಗೆ ಇನ್ನೊಂದು... ನನ್ನ ಕೆಲಸವನ್ನು ನನಗೆ ನೆನಪಿಸಲು ಬಂದಳಲ್ಲ ಈಕೆ ಎಂಬ ಸಿಟ್ಟು.

"ಮುಂದಿನ ವಾರ ಬಂದು ನೋಡ್ತೀನಿ ಹನುಮವ್ವ" ಎಂದೆ. ಆಕೆ ಬಸ್ಸಿನ ಬಾಗಿಲವರೆಗೂ ಬಂದಳು. "ಮರೀಬ್ಯಾಡ್ರಿ ಅಕ್ಕಾರ. ಆಕಿಗೂ ಹೇಳಿರ್ತೀನಿ, ಅಕ್ಕಾರು ಬರ್ತಾರಂತ."

ಮುಂದಿನ ವಾರ ನಾನು ರಜೆ ಹಾಕಿದೆ. ಗಂಗಾವತಿಯಲ್ಲಿ ನನ್ನ ತಂಗಿಯ ಕುಬಸವಿತ್ತು. ಚೊಚ್ಚಲ ಬಸುರಿ, ತವರಿನ ಹೆಣ್ಣುಮಕ್ಕಳೆಲ್ಲ ಸೇರಿ ಹಸಿರು ಬಳೆ ತೊಡಿಸಿ ಉಡಿ ತುಂಬಿದೆವು. ತಂಗಿಗೆ ಏನೇನು ತಿನ್ನಬೇಕು, ಯಾವಾಗ ಆಸ್ಪತ್ರೆಗೆ ತೋರಿಸಬೇಕು ಎಂದು ನಾನು ಎಲ್ಲರಿಗೂ ಕೇಳುವಂತೆ ಬುದ್ಧಿ ಹೇಳಿದೆ. ಮನೆಯಲ್ಲಿ ಒಬ್ಬಳು ನರ್ಸ್ ಇದ್ದರೆ ಎಷ್ಟು ಅನುಕೂಲ ಎಂದು ಹಿರಿಯರು ಮೆಚ್ಚಿಕೊಂಡರು.

ಆ ದಿನವೇ ಬೆಳಿಗ್ಗೆ ಈರವ್ವನಿಗೆ ನೋವು ಶುರುವಾಗಿತ್ತು. ಲೆಕ್ಕಕ್ಕಿಂತ ಮುಂಚೆ. ಅಲ್ಲಿ ಏನಾಯಿತೆಂಬುದನ್ನು ಆಮೇಲೆ ಒಬ್ಬೊಬ್ಬರಿಂದ ಒಂದೊಂದು ತುಣುಕಾಗಿ ತಿಳಿದುಕೊಂಡೆ. ಹನುಮವ್ವ ಬಂದಳು, ಮುಟ್ಟಿ ನೋಡಿದಳು, ಈಗಿಂದೀಗ ಕೊಪ್ಪಳಕ್ಕೆ ಒಯ್ಯಿರಿ ಎಂದಳು. ಬಸಮ್ಮ, ಮೊದಲಿನ ಎರಡೂ ಮನೆಯಲ್ಲೇ ಆಗಿವೆ, ಸ್ವಲ್ಪ ನೋಡೋಣ ಎಂದಳು. ನೋಡುತ್ತ ನೋಡುತ್ತ ಹೊತ್ತು ಏರಿತು. ಊರಿನಲ್ಲಿದ್ದ ಒಂದೇ ಟೆಂಪೊ ಕುಷ್ಟಗಿ ಸಂತೆಗೆ ಹೋಗಿತ್ತು. ಅದು ತಿರುಗಿ ಬರುವಷ್ಟರಲ್ಲಿ ಕೂಸಿನ ಕೈ ಹೊರಗೆ ಬಂದಿತ್ತು. ಹನುಮವ್ವ ಟೆಂಪೊದಲ್ಲಿ ಈರವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕೊಪ್ಪಳ ಇನ್ನೂ ದೂರವಿರುವಾಗಲೇ ಎಲ್ಲ ಮುಗಿಯಿತು. ಟೆಂಪೊ ಅಲ್ಲಿಂದಲೇ ಹಿಂದಿರುಗಿತು.

ನಾನು ಮೂರನೆಯ ದಿನ ಊರಿಗೆ ಬಂದೆ. ಬಸ್ಸಿಳಿದೆ. ಯಾರೂ ನೀರು ತರಲಿಲ್ಲ. ಯಾಕೆ ಎಂದು ನನಗಿನ್ನೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ಒಂದು ಮಾತು ಹುಟ್ಟಿಕೊಂಡಿತ್ತು. ಹನುಮವ್ವನೇ ಮನೆಯಲ್ಲಿ ಹೆರಿಗೆ ಮಾಡಿಸುತ್ತೇನೆ ಎಂದಳು, ಕೈ ಹಾಕಿ ಎಳೆದಳು, ಅದರಿಂದ ಸತ್ತಳು ಎಂದು. ಈ ಮಾತು ಬಸಮ್ಮನ ಬಾಯಿಂದ ಬಂದದ್ದು. ತಾನು ತಡ ಮಾಡಿದ್ದು ಮಗನಿಗೆ ಗೊತ್ತಾದರೆ ಎಂಬ ಹೆದರಿಕೆ ಅವಳಿಗೆ. ಅವಳನ್ನು ದೂರುವ ಬಾಯಿ ನನಗಿಲ್ಲ. ಅವಳ ಸುಳ್ಳಿನ ಹಿಂದೆ ಸೊಸೆ ಸತ್ತ ದುಃಖವಾದರೂ ಇತ್ತು. ನನ್ನದರ ಹಿಂದೆ ನೌಕರಿಯಷ್ಟೇ ಇತ್ತು.

ಹದಿನೈದು ದಿನ ಕಳೆದು ವಿಚಾರಣೆಗೆ ಬಂದರು. ವೈದ್ಯಾಧಿಕಾರಿ, ಒಬ್ಬ ಮೇಲ್ವಿಚಾರಕಿ. ಪಂಚಾಯಿತಿ ಕಚೇರಿಯಲ್ಲಿ ಕುರ್ಚಿ ಹಾಕಿದ್ದರು. ದೇವಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದ. ಬಸಮ್ಮ ಅಳುತ್ತಿದ್ದಳು. ಹನುಮವ್ವ ಬಾಗಿಲ ಹತ್ತಿರ ನಿಂತೇ ಇದ್ದಳು, ಆಕೆಗೆ ಯಾರೂ ಕೂಡು ಎನ್ನಲಿಲ್ಲ. ನನ್ನನ್ನು ಡಾಕ್ಟರರ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ರಿಜಿಸ್ಟರು ನನ್ನ ತೊಡೆಯ ಮೇಲಿತ್ತು.

ಡಾಕ್ಟರರು ಹನುಮವ್ವನನ್ನು ಕೇಳಿದರು. ಆಕೆ ನಡೆದದ್ದನ್ನು ನಡೆದಂತೆ ಹೇಳಿದಳು. ಕೊಪ್ಪಳಕ್ಕೆ ಒಯ್ಯಲು ಹೇಳಿದ್ದನ್ನು ಹೇಳಿದಳು, ಕೈ ಹಾಕಲಿಲ್ಲ ಎಂದಳು. ಕೊನೆಗೆ, ಇದೆಲ್ಲ ಆಗುವ ಮುಂಚೆಯೇ ಅಕ್ಕಾರಿಗೆ ತಿಳಿಸಿದ್ದೆ, ಬಸ್ಸು ಹತ್ತುವಾಗ ಎಂದಳು. ಹೇಳುವಾಗ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಇವರು ಇದ್ದಾರಲ್ಲ, ಹೇಳುತ್ತಾರೆ ಎಂಬ ಭರವಸೆ ಇತ್ತು.

ಡಾಕ್ಟರರು ನನ್ನ ಕಡೆ ತಿರುಗಿದರು. "ಈಕೆ ಹೇಳಿದ್ದು ಖರೇನಾ ಸಿಸ್ಟರ್?"

ಹೌದು ಎಂದರೆ ಏನಾಗುತ್ತದೆ ಎಂದು ಒಂದೇ ಉಸಿರಿನಲ್ಲಿ ಎಲ್ಲವೂ ಕಣ್ಣ ಮುಂದೆ ಬಂತು. ಅಮಾನತು, ಮಗಳ ಶಾಲೆ, ಗಂಡನ ಮನೆಯವರ ಮಾತು. ಸತ್ತವಳ ಮುಖ ಮಾತ್ರ ಬರಲಿಲ್ಲ.

"ಇಲ್ರಿ ಸರ್. ನನಗ ಯಾರೂ ಏನೂ ಹೇಳಿಲ್ಲ" ಎಂದೆ. ರಿಜಿಸ್ಟರು ತೆರೆದು ತೋರಿಸಿದೆ. ಏಳನೆಯ ತಿಂಗಳು, ಎಂಟನೆಯ ತಿಂಗಳು. ಗುಂಡಗಿನ ಅಕ್ಷರ, ನೀಲಿ ಶಾಯಿ.

ಡಾಕ್ಟರರು ಅದನ್ನು ಗಟ್ಟಿಯಾಗಿ ಓದಿದರು. ಪರಿಚಯದವರು ಎದುರಿಗೆ ಬಂದೂ ಮಾತಾಡಿಸದೆ ಹೋದರೆ ನೋಡುತ್ತೇವಲ್ಲ, ಹಾಗೆ ಹನುಮವ್ವ ನನ್ನನ್ನು ನೋಡಿದಳು. ಆಮೇಲೆ ಹೇಳಿದಳು:

"ಅಕ್ಕಾರು ಬರದಿದ್ದು ಹಂಗಿದ್ರ ಹಂಗ ಇರಬೇಕ್ರಿ. ನನಗ ಓದಾಕ ಬರಂಗಿಲ್ಲ."

ವಿಚಾರಣೆ ಮುಗಿಯಿತು. ತರಬೇತಿಯ ಪೆಟ್ಟಿಗೆ ವಾಪಸ್ಸು ತೆಗೆದುಕೊಳ್ಳಿ, ಇನ್ನು ಮುಂದೆ ಈಕೆ ಹೆರಿಗೆ ಮಾಡಿಸಬಾರದು ಎಂದು ಬರೆದುಕೊಂಡರು. ಪೆಟ್ಟಿಗೆ ತರಲು ಹೋದವಳು ನಾನೇ. ಅದು ನನ್ನ ಕರ್ತವ್ಯವಾಗಿತ್ತು ನೋಡಿ. ಆಕೆ ಒಳಗಿಂದ ತಂದು ನನ್ನ ಕೈಗೆ ಕೊಟ್ಟಳು. ತೆರೆದು ನೋಡಿದೆ, ಕತ್ತರಿ ಹೊಳೆಯುತ್ತಿತ್ತು. ಸರ್ಕಾರ ಕೊಟ್ಟ ವಸ್ತುಗಳನ್ನು ನನಗಿಂತ ಚೊಕ್ಕಟವಾಗಿ ಇಟ್ಟಿದ್ದಳು. ನಾನು ಏನಾದರೂ ಅನ್ನುತ್ತೇನೆಂದು ಕಾದಳೋ ಏನೋ. ನಾನು ಸಹಿ ಜಾಗದಲ್ಲಿ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆ.

ಊರು ಆಕೆಯನ್ನು ಬಿಟ್ಟಿತು. ಹೊಡೆಯಲಿಲ್ಲ, ಬಡಿಯಲಿಲ್ಲ. ಕರೆಯುವುದನ್ನು ನಿಲ್ಲಿಸಿದರು, ಅಷ್ಟೇ. ಬಸುರಿ ಹೆಂಗಸರು ಆಕೆ ಎದುರಾದರೆ ಸೆರಗು ಹೊದ್ದುಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಆಕೆಯೇ ನೆಲಕ್ಕೆ ಇಳಿಸಿಕೊಂಡಿದ್ದ ಮಕ್ಕಳಿಗೆ, ಆಕೆಯ ಹತ್ತಿರ ಹೋಗಬೇಡಿ ಎಂದು ತಾಯಂದಿರು ಹೇಳುತ್ತಿದ್ದರು. ಕೂಲಿಗೂ ಕರೆಯದೆ ಹೋದಾಗ, ಆ ವರ್ಷ ಮುಗಿಯುವ ಮೊದಲು ಹನುಮವ್ವ ಮಗಳನ್ನು ಕರೆದುಕೊಂಡು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋದಳು. ಅಲ್ಲಿ ಮನೆ ಮನೆಗಳಲ್ಲಿ ಕೂದಲಿನ ಕೆಲಸ ನಡೆಯುತ್ತದೆ, ಎಲ್ಲೆಲ್ಲಿಂದಲೋ ಬಂದ ಸಿಕ್ಕು ಕೂದಲಿನ ಗಂಟುಗಳನ್ನು ಬಿಡಿಸಿ, ಉದ್ದ ನೋಡಿ ಬೇರೆ ಮಾಡುವುದು. ಆಕೆ ಅಲ್ಲಿ ಕೂದಲು ಬಿಡಿಸುತ್ತಾಳೆ ಎಂದು ಯಾರೋ ಹೇಳಿದರು. ನಾನು ಹೌದಾ ಎಂದೆ.

ಇಲ್ಲಿಗೆ ನಿಂತಿದ್ದರೆ ಒಂದು ಪಾಪ ಎನ್ನಬಹುದಿತ್ತು. ನಿಲ್ಲಲಿಲ್ಲ.

ಕೆಲವು ವರ್ಷಗಳಲ್ಲಿ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು ಎಂಬ ಪ್ರಚಾರ ಜೋರಾಯಿತು. ಹಳ್ಳಿ ಹಳ್ಳಿಯಲ್ಲಿ ತಾಯಂದಿರ ಸಭೆ. ಮಾತಾಡಲು ನನ್ನನ್ನು ಕಳಿಸುತ್ತಿದ್ದರು. ಹೆಂಗಸರು ಆಕಳಿಸುತ್ತಿದ್ದರು. ಒಂದು ದಿನ ನಾನು ಒಂದು ಕಥೆ ಹೇಳಿದೆ: ಒಂದು ಊರು, ಒಬ್ಬ ಬಸುರಿ, ಹಟ ಮಾಡಿದ ಒಬ್ಬ ಸೂಲಗಿತ್ತಿ. ಸಭೆ ಗಪ್ಪಾಯಿತು. ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ಅಂದಿನಿಂದ ಪ್ರತಿ ಸಭೆಯಲ್ಲೂ ಅದೇ ಕಥೆ. ಯಲಬುರ್ಗಾ ತಾಲೂಕು ಮುಗಿಸಿ ಕುಷ್ಟಗಿ ತಾಲೂಕಿಗೂ ಕರೆದರು. ಹೇಳುತ್ತ ಹೇಳುತ್ತ ಕಥೆಗೆ ಮಾತುಗಳು ಸೇರಿಕೊಂಡವು, ಸೂಲಗಿತ್ತಿ ಏನೆಂದಳು, ಹೇಗೆ ಎಳೆದಳು ಎಂದೆಲ್ಲ. ನಾನು ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದೆ. ನನಗೊಂದು ಪ್ರಶಸ್ತಿ ಪತ್ರವೂ ಶಾಲೂ ಬಂದವು.

ಮನಸ್ಸು ಎಷ್ಟು ಜಾಣ ನೋಡಿ. ನನ್ನ ಸುಳ್ಳಿನಿಂದ ಎಷ್ಟೋ ಹೆಂಗಸರು ಆಸ್ಪತ್ರೆಗೆ ಹೋದರು, ಉಳಿದರು, ಹಾಗಿದ್ದರೆ ಅದು ಸುಳ್ಳಾಗಿ ಉಳಿಯಿತೇ ಎಂದು ಅದು ಕೇಳುತ್ತಿತ್ತು. ಬಹಳ ವರ್ಷ ಈ ಮಾತಿನ ನೆರಳಿನಲ್ಲಿ ತಣ್ಣಗೆ ಬದುಕಿದೆ. ಅಮಾವಾಸ್ಯೆಗೆ ಮಠಕ್ಕೆ ಹೋಗಿ ಪ್ರವಚನ ಕೇಳುತ್ತಿದ್ದೆ. ನುಡಿದಂತೆ ನಡೆಯಬೇಕು, ಸತ್ಯ ಹೇಳಲು ಎದೆಗಾರಿಕೆ ಬೇಕು ಎಂದು ಸ್ವಾಮಿಗಳು ಹೇಳುವಾಗ ತಲೆದೂಗುತ್ತಿದ್ದೆ. ದೇವರ ಮುಂದೆ ಕುಳಿತು ಮಗಳಿಗೆ ಒಳ್ಳೆಯದಾಗಲಿ ಎಂದು ಕೇಳಿಕೊಂಡೆ, ಈ ಒಂದು ವಿಷಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿಕೊಂಡೆ. ದೇವರಿಗೂ ನಾನು ರಿಜಿಸ್ಟರನ್ನೇ ತೋರಿಸುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಮತ್ತು ಆ ಸಮಾಧಾನವೂ ಪೊಳ್ಳು. ಕೂಸು ಅಡ್ಡ ಇದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದು ನಾನು ಊರೂರಲ್ಲಿ ಸಾರಿದೆನಲ್ಲ, ಅದು ಹನುಮವ್ವನೇ ಹೇಳಿದ ಮಾತು. ಬಸ್ಸಿನ ಹತ್ತಿರ ನನಗೆ ಹೇಳಿದ್ದು, ಬೆಳಿಗ್ಗೆ ಬಸಮ್ಮನಿಗೆ ಹೇಳಿದ್ದು. ಆಕೆಯ ಮಾತನ್ನೇ ಕದ್ದು ಆಕೆಯನ್ನೇ ಅಪರಾಧಿ ಮಾಡಿ ನಾನು ಶಾಲು ಹೊದ್ದುಕೊಂಡೆ. ನಿಜ ಹೇಳಿದ್ದರೂ ಹೆಂಗಸರು ಆಸ್ಪತ್ರೆಗೆ ಬರುತ್ತಿದ್ದರು. ಬಹುಶಃ ಹೆಚ್ಚು ಬರುತ್ತಿದ್ದರು.

ನಿವೃತ್ತಿಗೆ ಎರಡು ತಿಂಗಳಿರುವಾಗ ಕುಷ್ಟಗಿಯಲ್ಲಿ ಒಂದು ಸಭೆ. ಕಥೆ ಹೇಳಿ ಮುಗಿಸಿದೆ. ಎಲ್ಲರೂ ಎದ್ದು ಹೋಗುವಾಗ ಐದಾರು ತಿಂಗಳ ಬಸುರಿಯೊಬ್ಬಳು ನನ್ನ ಹತ್ತಿರ ಬಂದಳು. ಇಪ್ಪತ್ತೇಳರ ಪ್ರಾಯ. ಕಣ್ಣು ಕೆಂಪಾಗಿದ್ದವು.

"ಅಕ್ಕಾರ, ನೀವು ಹೇಳಿದ್ದು ನಮ್ಮವ್ವನ ಸುದ್ದಿ ಐತ್ರಿ. ನಾನು ಈರವ್ವನ ಮಗಳು, ಸುಮಂಗಲಾ. ನಮ್ಮವ್ವನ ಪರವಾಗಿ ಖರೇ ಮಾತಾಡಿದವ್ರು ನೀವೊಬ್ರ."

ಬಗ್ಗಲು ಕಷ್ಟವಾಗುತ್ತಿತ್ತು ಅವಳಿಗೆ. ಆದರೂ ಒಂದು ಕೈ ಹೊಟ್ಟೆಯ ಕೆಳಗೆ ಹಿಡಿದುಕೊಂಡು ಬಗ್ಗಿ ನನ್ನ ಕಾಲು ಮುಟ್ಟಿದಳು. ಆಮೇಲೆ ಹೇಳಿದಳು, ಹಿಂದೊಮ್ಮೆ ಕೊಪ್ಪಳ ಬಸ್ ನಿಲ್ದಾಣದಲ್ಲಿ ಅಪ್ಪ ಆ ಮುದುಕಿಯನ್ನು ತೋರಿಸಿದನಂತೆ. ಇವಳು ಹೋಗಿ ಆಕೆಯ ಕಾಲ ಹತ್ತಿರ ಉಗುಳಿ ಬಂದಳಂತೆ. ಆಕೆ ಏನೂ ಅನ್ನಲಿಲ್ಲವಂತೆ.

ಆಗಲಾದರೂ ಹೇಳಬಹುದಿತ್ತು. ಆ ಹುಡುಗಿಯನ್ನು ಎಬ್ಬಿಸಿ, ಪಕ್ಕಕ್ಕೆ ಕರೆದು... ನಾನು ಅವಳ ತಲೆಯ ಮೇಲೆ ಕೈಯಿಟ್ಟು, ಹೆದರಬೇಡ, ಛಲೋ ಆಗುತ್ತದೆ ಎಂದು ಹರಸಿದೆ. ಆ ಕೈ. ಮನೆಗೆ ಬಂದು ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ.

ಬೀಳ್ಕೊಡುಗೆಯಲ್ಲಿ ಪ್ರಾಮಾಣಿಕತೆಗೆ ಇನ್ನೊಂದು ಹೆಸರು ಎಂದು ನನ್ನನ್ನು ಹೊಗಳಿದರು. ಹಾರ ಹಾಕಿಸಿಕೊಂಡೆ. ಅದಾಗಿ ಆರು ತಿಂಗಳು ನಾನು ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಊಟ ಸೇರುತ್ತಿರಲಿಲ್ಲ. ಮಗಳು ಕೊಪ್ಪಳದ ಡಾಕ್ಟರರಿಗೆ ತೋರಿಸಿದಳು, ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸೀರೆ ಉಟ್ಟುಕೊಂಡು, ಯಾರಿಗೂ ಹೇಳದೆ ಭಾಗ್ಯನಗರಕ್ಕೆ ಹೋದೆ.

ಕೇಳುತ್ತ ಹೋದರೆ ಮನೆ ಸಿಕ್ಕಿತು. ಹನುಮವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಎಪ್ಪತ್ತು ದಾಟಿದ್ದಳು, ಬೆನ್ನು ಬಾಗಿತ್ತು. ಮುಂದೆ ಕೂದಲಿನ ರಾಶಿ. ಅದೇ ದೊಡ್ಡ ಅಂಗೈ, ಆದರೆ ಬೆರಳು ಸೊಟ್ಟಗಾಗಿದ್ದವು. ಪಕ್ಕದಲ್ಲಿ ಮಗಳು ನಾಗವ್ವ, ಅವಳ ಕೈಯಲ್ಲೂ ಅದೇ ಕೆಲಸ. ನಾನು ನನ್ನ ಹೆಸರು ಹೇಳುವ ಮೊದಲೇ ಹನುಮವ್ವ, "ಬರ್ರಿ ಅಕ್ಕಾರ, ಕೂಡ್ರಿ" ಎಂದಳು.

ನಾನು ಕೂಡಲಿಲ್ಲ. ನಿಂತೇ ಹೇಳಿದೆ. ನೀವು ನನಗೆ ಹೇಳಿದ್ದಿರಿ, ನಾನು ಹೋಗಲಿಲ್ಲ, ನೋಡದೆಯೇ ಬರೆದಿದ್ದೆ, ಎಲ್ಲರ ಮುಂದೆ ಸುಳ್ಳು ಹೇಳಿದೆ. ಊರೂರಲ್ಲಿ ಕಥೆ ಮಾಡಿ ಹೇಳಿದ್ದನ್ನೂ ಹೇಳಿದೆ. ಸುಮಂಗಲಾ ನನ್ನ ಕಾಲು ಮುಟ್ಟಿದ್ದನ್ನೂ. ಮೊದಲ ಸಲ ಆಕೆಯನ್ನು ನೀವು ಎಂದಿದ್ದೆ. ನಾಗವ್ವ ಕೈಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹನುಮವ್ವನ ಬೆರಳುಗಳು ಮಾತ್ರ ನಿಲ್ಲಲಿಲ್ಲ. ಕಾಲು ಮುಟ್ಟಲು ಬಗ್ಗಿದೆ. ಆಕೆ ಎರಡೂ ಪಾದ ಒಳಗೆ ಎಳೆದುಕೊಂಡು ಸೀರೆಯ ಅಂಚು ಮುಚ್ಚಿದಳು.

"ಆ ಹುಡುಗಿ ಹೆಂಗ ಅದಾಳ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದೆ, ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ಗೊತ್ತಿದ್ದಷ್ಟು ಹೇಳಿದೆ. ತಲೆಯಾಡಿಸಿದಳು. ಒಂದು ಗಂಟು ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ:

"ಇದನ್ನ ನನಗ ಹೇಳಾಕ ಯಾಕ ಬಂದ್ರಿ ಅಕ್ಕಾರ? ಇದು ನನಗ ಗೊತ್ತಿದ್ದದ್ದ. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ದಾರಿ ತಪ್ಪಿದವರಿಗೆ ಊರು ಯಾವ ಕಡೆ ಎಂದು ತೋರಿಸುತ್ತಾರಲ್ಲ, ಹಾಗೆ. ನಾನು ಆಕೆಯಿಂದ ಕ್ಷಮೆ ಪಡೆದು ಹಗುರಾಗಲು ಹೋಗಿದ್ದೆ ಎಂಬುದು ಅಲ್ಲಿ ನಿಂತಿದ್ದಾಗಲೇ ನನಗೆ ತಿಳಿಯಿತು. ಆಕೆಗಾಗಿ ಹೋಗಿರಲಿಲ್ಲ. ಅದನ್ನೂ ನನಗಾಗಿಯೇ ಮಾಡಿದ್ದೆ.

ಅಲ್ಲಿಂದ ಕುಷ್ಟಗಿಗೆ, ಸುಮಂಗಲಾಳ ಮನೆಗೆ ಹೋಗಲು ಇನ್ನೂ ಮೂರು ವಾರ ತೆಗೆದುಕೊಂಡೆ. ಎರಡು ಸಲ ಬಸ್ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದೆ. ಧೈರ್ಯ ಎಂಬುದು ಒಮ್ಮೆ ಬಂದರೆ ಇರುತ್ತದೆ ಎಂದುಕೊಂಡಿದ್ದೆ. ಅದು ಪ್ರತಿ ಬೆಳಿಗ್ಗೆ ಹೊಸದಾಗಿ ತಂದುಕೊಳ್ಳಬೇಕಾದ ವಸ್ತು ಎಂದು ಅರವತ್ತರ ವಯಸ್ಸಿನಲ್ಲಿ ಕಲಿತೆ.

ಸುಮಂಗಲಾ ನನ್ನನ್ನು ನೋಡಿ ಸಂತೋಷಪಟ್ಟಳು. ಚಾಪೆ ಹಾಸಿದಳು. ಕೂಸು ತೊಟ್ಟಿಲಲ್ಲಿ ಮಲಗಿತ್ತು, ಎದ್ದ ಮೇಲೆ ತೋರಿಸುತ್ತೇನೆ, ನಿಮ್ಮ ಕೈಯಿಂದ ಒಮ್ಮೆ ಎತ್ತಿಕೊಳ್ಳಿ ಎಂದಳು. ಚಹಾಕ್ಕೆ ಎದ್ದವಳನ್ನು ತಡೆದು ಕೂರಿಸಿದೆ. ಹೇಳಿದೆ. ಎಷ್ಟು ಬೇಗ ಹೇಳಿ ಮುಗಿಯಿತು! ಇಪ್ಪತ್ತೆರಡು ವರ್ಷ ಹೊತ್ತದ್ದು ಐದು ನಿಮಿಷದಲ್ಲಿ ಮುಗಿದುಹೋಯಿತು.

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವಳು ಒಂದೇ ಒಂದು ಮಾತು ಕೇಳಿದಳು.

"ನೀವು ಬರ್ತೀರಂತ ಅವ್ವ ದಾರಿ ಕಾಯ್ತಿದ್ಲೇನ್ರಿ?"

ಗೊತ್ತಿಲ್ಲ ಎನ್ನಬಹುದಿತ್ತು. ನಾನು ನೋಡಿಲ್ಲವಲ್ಲ. ಆದರೆ ಆಕಿಗೂ ಹೇಳಿರ್ತೀನಿ ಎಂದು ಹನುಮವ್ವ ಅಂದಿದ್ದಳು. ಹನುಮವ್ವ ಹೇಳುತ್ತೇನೆ ಎಂದರೆ ಹೇಳಿಯೇ ಹೇಳಿರುತ್ತಾಳೆ. ಅಂದರೆ ಆ ಒಂದು ವಾರ, ಪ್ರತಿ ದಿನ, ಬಸ್ಸಿನ ಸಪ್ಪಳವಾದಾಗಲೆಲ್ಲ...

"ಹೌದು" ಎಂದೆ.

ಸುಮಂಗಲಾ ಎದ್ದು ಹೋಗಿ ತೊಟ್ಟಿಲ ಹತ್ತಿರ ನಿಂತಳು, ನನಗೆ ಬೆನ್ನು ಮಾಡಿ. ಚಪ್ಪಲಿ ಮೆಟ್ಟಿಕೊಂಡು ಬಂದೆ. ಕೂಸಿನ ಮುಖ ನಾನು ನೋಡಲಿಲ್ಲ.

ಆಮೇಲೆ ಮಾಡಿದ್ದನ್ನು ಹೇಳಿಬಿಡುತ್ತೇನೆ, ಹೆಮ್ಮೆಗೆ ಅಲ್ಲ. ಆ ಊರಿನ ಗ್ರಾಮಸಭೆಗೆ ಹೋಗಿ ಅದೇ ಕಚೇರಿಯಲ್ಲಿ ನಿಂತು ಹೇಳಿದೆ. ಬಸಮ್ಮ ತೀರಿಹೋಗಿದ್ದಳು. ದೇವಪ್ಪ ಅರ್ಧ ಕೇಳಿ ಎದ್ದು ಹೊರಗೆ ಹೋದ. ಒಬ್ಬ ಹಿರಿಯರು, ಆದದ್ದು ಆಗಿಹೋಯಿತು, ಈಗ್ಯಾಕೆ ಕೆದಕುತ್ತೀರಿ ಎಂದರು. ಹಿಂದೆ ಕುಳಿತ ವಯಸ್ಸಾದ ಹೆಂಗಸೊಬ್ಬಳು, ನನ್ನ ನಾಲ್ಕೂ ಮಕ್ಕಳನ್ನು ಹನುಮವ್ವ ಹಿಡಿದದ್ದು, ನಾನೂ ಆಕೆಗೆ ಬಾಗಿಲು ಹಾಕಿದೆನಲ್ಲ ಎಂದು ಬಾಯಿಗೆ ಸೆರಗು ಹಚ್ಚಿಕೊಂಡಳು. ಇಲಾಖೆಗೆ ಎಲ್ಲವನ್ನೂ ಬರೆದು ಕೊಟ್ಟೆ. ಪಿಂಚಣಿಗೆ ತೊಂದರೆಯಾದೀತು, ವಿಚಾರ ಮಾಡಿ ಎಂದರು ಅಲ್ಲಿದ್ದವರು. ವಿಚಾರ ಮಾಡಿಯೇ ಬಂದಿದ್ದೇನೆ ಎಂದೆ. ಇನ್ನೂ ಉತ್ತರ ಬಂದಿಲ್ಲ. ಶಾಲು ಮತ್ತು ಪ್ರಶಸ್ತಿ ಪತ್ರ ತಿರುಗಿಸಿ ಕೊಟ್ಟೆ. ನನ್ನ ಮಗಳು ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ಮಾತಾಡುತ್ತಾಳೆ, ಮೊದಲಿನಂತೆ ಅಲ್ಲ. ನಾನು ಕಥೆ ಹೇಳಿದ ಹಳ್ಳಿಗಳಿಗೆ ಒಂದೊಂದಾಗಿ ಹೋಗುತ್ತಿದ್ದೇನೆ. ಕೇಳುವವರು ಸಿಕ್ಕರೆ ಸುಳ್ಳನ್ನೂ ಹೇಳಿ ನಿಜವನ್ನೂ ಹೇಳಿ ಬರುತ್ತೇನೆ. ಅರ್ಧದಷ್ಟು ಊರುಗಳು ಇನ್ನೂ ಉಳಿದಿವೆ.

ಇದರಿಂದ ಯಾವುದೂ ಹಿಂದಕ್ಕೆ ಬರುವುದಿಲ್ಲ. ಈರವ್ವ ಬರುವುದಿಲ್ಲ. ಹನುಮವ್ವ ಊರು ಬಿಟ್ಟ ಮೇಲೆ ಅಲ್ಲಿ ಎಷ್ಟೋ ಮಕ್ಕಳು ಹುಟ್ಟಿದವು, ಒಂದನ್ನೂ ಆಕೆ ಎರೆದು ಬೆಚ್ಚಗೆ ಮಲಗಿಸಲಿಲ್ಲ. ಆ ದಿನಗಳನ್ನು ಯಾವ ಗ್ರಾಮಸಭೆ ಆಕೆಗೆ ಕೊಡಬಲ್ಲದು? ಊರಿನವರು ಕರೆಯಲು ಹೋದರಂತೆ. ಇನ್ನ ನನಗ ಅಲ್ಲಿ ಏನು ಕೆಲಸ ಐತಿ ಎಂದು ಕೇಳಿ ಕಳಿಸಿದಳಂತೆ.

ಕಳೆದ ತಿಂಗಳು ಕೊಪ್ಪಳದ ಸಂತೆಯಲ್ಲಿ ನಾಗವ್ವ ಎದುರಾದಳು. ನಾನೇ ಪಕ್ಕಕ್ಕೆ ಸರಿದೆ, ಅವಳೇ ಬಂದು ನಿಂತಳು. ಸುಮಂಗಲಾ ಭಾಗ್ಯನಗರಕ್ಕೆ ಬಂದಿದ್ದಳು, ಕೂಸನ್ನು ಕರೆದುಕೊಂಡು ಎಂದಳು. ಕೂಸನ್ನು ಹನುಮವ್ವನ ಮಡಿಲಿಗೆ ಹಾಕಲು ಹೋದಳಂತೆ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು, ಬೇಡವ್ವ, ನನ್ನ ಕೈಗೆ ರೂಢಿ ತಪ್ಪಿದೆ ಎಂದಳಂತೆ.

ಮುಂದೇನಾಯಿತು ಎಂದು ನಾಗವ್ವ ಹೇಳಲಿಲ್ಲ. ನನಗೆ ಕೇಳುವ ಬಾಯಿ ಇರಲಿಲ್ಲ. ಅವಳು ಕಾಯಿಪಲ್ಲೆಯ ಚೀಲ ಎತ್ತಿಕೊಂಡು ಜನರ ನಡುವೆ ನಡೆದುಹೋದಳು. ನಾನು ಅಲ್ಲೇ ನಿಂತಿದ್ದೆ.